ಧೂಳಿನ ಮರೆಯ ಗೆಲಾಕ್ಸಿಗಳು

೧

ಇತಿಹಾಸಕಾರನು ಉಳಿದುಬಂದ ಸಾಕ್ಷ್ಯವನ್ನು ನಂಬಿ ಬರೆಯುತ್ತಾನೆ. ನಮ್ಮ ನಾಡಿನ ಪ್ರಾಚೀನ ಚರಿತ್ರೆಯನ್ನೇ ನೋಡೋಣ. ಕಲ್ಲಿನ ಮೇಲೆ ಕೊರೆದ ಶಾಸನ ಉಳಿಯಿತು. ಓಲೆಯ ಮೇಲೆ ಬರೆದ ಲೆಕ್ಕ ಗೆದ್ದಲಿಗೆ ಆಹಾರವಾಯಿತು. ಕೆರೆಯನ್ನು ಕಟ್ಟಿಸಿದ ಅರಸನ ಹೆಸರನ್ನು ನಾವು ಬಲ್ಲೆವು. ಆ ಕೆರೆಯ ಮಣ್ಣನ್ನು ಹೊತ್ತವರ ಹೆಸರನ್ನು ಅರಿಯೆವು. ಶಾಸನಗಳನ್ನಷ್ಟೇ ಓದಿ, ಅಂದಿನ ಜನರೆಲ್ಲರೂ ಅರಸರೂ ದಂಡನಾಯಕರೂ ಆಗಿದ್ದರೆಂದು ಯಾವನಾದರೂ ಬರೆದರೆ ನಾವು ನಗುತ್ತೇವೆ. ಸಾಕ್ಷ್ಯವನ್ನು ಉಳಿಸದೆ ಹೋದವರೂ ಬಾಳಿದ್ದರು ಎಂಬುದು ನಮಗೆ ತಿಳಿದಿದೆ.

ಆಕಾಶದ ಇತಿಹಾಸಕ್ಕೂ ಈ ಮಾತು ಸಲ್ಲುತ್ತದೆ. ಅಲ್ಲಿ ಬೆಳಕೇ ಶಾಸನ. ಬೆಳಕು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು ಓಡುತ್ತದೆಯಾದರೂ ಆಕಾಶದ ದೂರಗಳಿಗೆ ಈ ವೇಗವೂ ಸಾಲದು. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು ೮ ನಿಮಿಷಕ್ಕೂ ಮಿಗಿಲಾದ ಕಾಲ ಬೇಕು. ಆಂಡ್ರೊಮಿಡಾ ಗೆಲಾಕ್ಸಿಯಿಂದ ಇಂದು ನಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟು ಸುಮಾರು ೨೫ ಲಕ್ಷ ವರ್ಷಗಳಾದುವು. ದೂರ ನೋಡಿದಷ್ಟೂ ಹಿಂದಿನ ಕಾಲವನ್ನು ನೋಡುತ್ತೇವೆ. ವಿಶ್ವದ ವಯಸ್ಸು ಸುಮಾರು ೧೩೮೦ ಕೋಟಿ ವರ್ಷಗಳೆಂದು ಇಂದಿನ ಗಣನೆ. ಅದರ ಮೊದಲ ೧೦೦ ಅಥವಾ ೨೦೦ ಕೋಟಿ ವರ್ಷಗಳಲ್ಲಿ ಹೊರಟ ಬೆಳಕನ್ನು ಹಿಡಿದರೆ ವಿಶ್ವದ ಬಾಲ್ಯವನ್ನೇ ಕಣ್ಣಾರೆ ಕಂಡಂತೆ.

ಆದರೆ ಎಲ್ಲ ಗೆಲಾಕ್ಸಿಗಳೂ ತಮ್ಮ ಬೆಳಕಿನ ಶಾಸನವನ್ನು ನಮ್ಮ ಕಣ್ಣಿಗೆ ಕಳುಹಿಸಿದುವೆ? ಕಳುಹಿಸಲಿಲ್ಲ. ಕೋಟಿ ಕೋಟಿ ನಕ್ಷತ್ರಗಳನ್ನು ಹೆರುತ್ತಿದ್ದ ಎಷ್ಟೋ ಮಹಾಗೆಲಾಕ್ಸಿಗಳು ತಾವೇ ಎಬ್ಬಿಸಿದ ಧೂಳಿನಲ್ಲಿ ಮುಚ್ಚಿಹೋಗಿದ್ದುವು. ಅವನ್ನು ಬಿಟ್ಟು ಬರೆದ ವಿಶ್ವದ ಚರಿತ್ರೆ ಅರ್ಧ ಚರಿತ್ರೆಯೇ ಆಗಿತ್ತು. ಮರೆಯಾದ ಈ ಲೋಕಗಳನ್ನು ಮಾನವನು ಹೇಗೆ ಕಂಡುಕೊಂಡನೆಂಬ ಕಥೆ ಎರಡು ಶತಮಾನಗಳಿಗೂ ಮಿಗಿಲಾದುದು.

೨

ಈ ಕಥೆ ಇಂಗ್ಲೆಂಡಿನಲ್ಲಿ ನೆಲೆಸಿದ್ದ ವಿಲಿಯಂ ಹರ್ಷೆಲನಿಂದ ಮೊದಲಾಗುತ್ತದೆ. ಜರ್ಮನಿಯಲ್ಲಿ ಹುಟ್ಟಿ, ಸಂಗೀತವನ್ನು ಜೀವನೋಪಾಯಕ್ಕೆ ಹಿಡಿದು, ತನ್ನ ಕೈಯಿಂದಲೇ ದೂರದರ್ಶಕಗಳನ್ನು ತಯಾರಿಸಿದ ಈ ಸಾಹಸಿ ರಾತ್ರಿಯ ಆಕಾಶವನ್ನು ತುಂಡುತುಂಡಾಗಿ ಶೋಧಿಸಿದನು. ವೃಶ್ಚಿಕ ರಾಶಿಯನ್ನು ನೋಡುತ್ತಿದ್ದಾಗ ಸುತ್ತಲೂ ನಕ್ಷತ್ರಗಳು ತುಂಬಿರುವೆಡೆಯಲ್ಲಿ ಒಂದೂ ನಕ್ಷತ್ರವಿಲ್ಲದ ಕಪ್ಪು ಪ್ರದೇಶವೊಂದು ಅವನಿಗೆ ಎದುರಾಯಿತು. ಅದು ಆಕಾಶದಲ್ಲಿ ತೆರೆದ ರಂಧ್ರವೆಂದೇ ಅವನು ತಿಳಿದನು. ಅವನ ತಂಗಿಯೂ ಸಹಾಯಕಿಯೂ ಆಗಿದ್ದ ಕ್ಯಾರೊಲಿನ್ ತನ್ನ ವೃದ್ಧಾಪ್ಯದಲ್ಲಿ ಅಣ್ಣನ ಮಗನಾದ ಜಾನನಿಗೆ ಬರೆದ ಪತ್ರದಲ್ಲಿ ಈ ಸಂಗತಿಯನ್ನು ನೆನೆದಿದ್ದಾಳೆ. ೧೭೮೫ರಲ್ಲಿ ಪ್ರಕಟವಾದ ಹರ್ಷೆಲನ ಲೇಖನದಲ್ಲಿಯೂ ಇದರ ಪ್ರಸ್ತಾಪವಿದೆ. ಅಲ್ಲಿದ್ದ ನಕ್ಷತ್ರಗಳು ಪಕ್ಕದ ಒಂದು ಗುಚ್ಛಕ್ಕೆ ಸೆಳೆಯಲ್ಪಟ್ಟು ಜಾಗ ಬರಿದಾಗಿರಬೇಕೆಂದು ಅವನ ಊಹೆ.

ನಮ್ಮ ವಿದ್ಯಾರ್ಥಿಗಳೂ ಇಂತಹ ಕಪ್ಪನ್ನು ಬರಿಗಣ್ಣಿನಿಂದ ನೋಡಬಹುದು. ಬೇಸಗೆಯ ಕೊನೆಯಲ್ಲಿ, ಚಂದ್ರನಿಲ್ಲದ ರಾತ್ರಿ, ದೀಪಗಳಿಂದ ದೂರವಾದ ಬಯಲಿನಲ್ಲಿ ನಿಂತು ಆಕಾಶಗಂಗೆಯನ್ನು ದಿಟ್ಟಿಸಿರಿ. ರಾಜಹಂಸದಿಂದ ಧನುರಾಶಿಯ ಕಡೆಗೆ ಹರಿಯುವ ಆ ಬಿಳಿಯ ಹೊಳೆಯ ನಡುವೆ ಕರಿಯ ಸೀಳೊಂದು ಕಾಣುತ್ತದೆ. ನೋಡಿದವರಿಗೆ ಅದು ಬರಿದೆಂದೇ ತೋರುವುದು ಸಹಜ.

ಈ ಕಪ್ಪಿನ ನಿಜವನ್ನು ಹೊರಗೆಡಹಿದವರಲ್ಲಿ ಅಮೆರಿಕದ ಎಡ್ವರ್ಡ್ ಎಮರ್ಸನ್ ಬರ್ನಾರ್ಡನು ಮುಖ್ಯನು. ಬಡತನದಲ್ಲಿ ಹುಟ್ಟಿ, ಚಿಕ್ಕ ಹುಡುಗನಾಗಿದ್ದಾಗಲೇ ಛಾಯಾಚಿತ್ರದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ಇವನು, ಮುಂದೆ ಆಕಾಶಗಂಗೆಯ ಛಾಯಾಚಿತ್ರಗಳನ್ನು ತೆಗೆಯುವುದರಲ್ಲಿ ಅಸಮಾನನೆನಿಸಿದನು. ಮೊದಮೊದಲು ಇವನೂ ಕಪ್ಪು ಪ್ರದೇಶಗಳನ್ನು ರಂಧ್ರಗಳೆಂದೇ ಎಣಿಸಿದ್ದನು. ೧೯೧೩ರ ಒಂದು ನಿರ್ಮಲವಾದ ರಾತ್ರಿ ಧನುರಾಶಿಯ ನಕ್ಷತ್ರರಾಶಿಯ ಎದುರಿಗೆ ನಮ್ಮ ಭೂಮಿಯದೇ ಸಣ್ಣ ಮೋಡಗಳು ತೇಲಿಬಂದುವು. ಹಿಂದೆ ಬೆಳಕಿದ್ದುದರಿಂದ ಅವು ಮಸಿಯ ಚುಕ್ಕೆಗಳಂತೆ ಕಪ್ಪಾಗಿ ತೋರಿದುವು. ಆಕಾಶದ ಕಪ್ಪು ಗುರುತುಗಳಿಗೂ ಈ ಮೋಡಗಳಿಗೂ ಇರುವ ಹೋಲಿಕೆ ಅವನ ಮನಸ್ಸಿನಲ್ಲಿ ನಾಟಿತು. ೧೯೧೯ರಲ್ಲಿ ಅವನು ಇಂತಹ ೧೮೨ ಕಪ್ಪು ಗುರುತುಗಳ ಪಟ್ಟಿಯೊಂದನ್ನು ಪ್ರಕಟಿಸಿದನು. ಅವುಗಳಲ್ಲಿ ಅನೇಕವು ರಂಧ್ರಗಳಾಗಿರದೆ, ಹಿಂದಿನ ನಕ್ಷತ್ರಗಳನ್ನು ಮರೆಮಾಡುವ ವಸ್ತುಗಳಾಗಿದ್ದುವು.

ಮರೆಮಾಡುವ ವಸ್ತು ಕೆಲವೆಡೆ ಮಾತ್ರ ಇದೆಯೊ, ಎಲ್ಲೆಲ್ಲಿಯೂ ಹರಡಿದೆಯೊ? ಇದಕ್ಕೆ ಉತ್ತರ ಕೊಟ್ಟವನು ಸ್ವಿಟ್ಸರ್ಲೆಂಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯದಲ್ಲಿ ದುಡಿದ ರಾಬರ್ಟ್ ಟ್ರಂಪ್ಲರನು. ಅವನು ನಕ್ಷತ್ರಗುಚ್ಛಗಳ ದೂರವನ್ನು ಎರಡು ಬಗೆಯಿಂದ ಅಳೆದನು: ಕಾಂತಿಯಿಂದ ಒಮ್ಮೆ, ತೋರುವ ಗಾತ್ರದಿಂದ ಇನ್ನೊಮ್ಮೆ. ಎರಡು ಅಳತೆಗಳೂ ತಾಳೆಯಾಗಲಿಲ್ಲ. ಕಾಂತಿಯನ್ನು ನಂಬಿದರೆ, ನಮ್ಮಿಂದ ದೂರವಿರುವ ಗುಚ್ಛಗಳೆಲ್ಲ ಹತ್ತಿರದವುಗಳಿಗಿಂತ ದೊಡ್ಡವೆಂದು ಒಪ್ಪಬೇಕಾಗುತ್ತಿತ್ತು. ನಮ್ಮಿಂದ ದೂರವಿದ್ದ ಮಾತ್ರಕ್ಕೆ ಗುಚ್ಛವೊಂದು ಏಕೆ ದೊಡ್ಡದಾಗಬೇಕು? ದಾರಿಯಲ್ಲಿ ಬೆಳಕು ಕುಂದುತ್ತಿದೆ, ಆದುದರಿಂದ ಅವು ಇರುವುದಕ್ಕಿಂತ ಹೆಚ್ಚು ದೂರದಲ್ಲಿರುವಂತೆ ತೋರುತ್ತಿವೆ ಎಂದು ಅವನು ೧೯೩೦ರಲ್ಲಿ ಸಾಧಿಸಿದನು. ನಕ್ಷತ್ರಗಳ ನಡುವಣ ಧೂಳು ಅಂದಿನಿಂದ ಖಗೋಳಶಾಸ್ತ್ರದ ಲೆಕ್ಕಕ್ಕೆ ಬಂದಿತು. ಆದರೆ ಬಂದದ್ದು ವಿಘ್ನವಾಗಿ. ಅದನ್ನು ಕಳೆದು ಲೆಕ್ಕ ಹಾಕುವುದೇ ಎಲ್ಲರ ಗುರಿಯಾಯಿತು.

೩

ಈ ಧೂಳೆಂದರೆ ಏನು? ಅದು ನಮ್ಮ ದಾರಿಯ ಧೂಳಿನಂತೆ ಒರಟಾದುದಲ್ಲ. ಅಗರಬತ್ತಿಯ ಹೊಗೆಯ ಕಣಗಳಷ್ಟು ಸೂಕ್ಷ್ಮವಾದ ಇಂಗಾಲದ ಮತ್ತು ಮರಳಿನ ಜಾತಿಯ ಸಿಲಿಕೇಟುಗಳ ಕಣಗಳು ಅವು. ಮುಪ್ಪಾದ ನಕ್ಷತ್ರಗಳು ಉಸಿರುಬಿಟ್ಟಂತೆ ಹೊರಚೆಲ್ಲುವ ಅನಿಲ ತಣ್ಣಗಾದಾಗ ಈ ಕಣಗಳು ಹೆಪ್ಪುಗಟ್ಟುತ್ತವೆ. ಮಹಾನಕ್ಷತ್ರಗಳು ಸಿಡಿದಾಗಲೂ ಇವು ಹುಟ್ಟುತ್ತವೆ. ೧೯೮೭ರಲ್ಲಿ ದಕ್ಷಿಣಾಕಾಶದ ದೊಡ್ಡ ಮೆಗೆಲನ್ ಮೇಘದಲ್ಲಿ ನಕ್ಷತ್ರವೊಂದು ಸಿಡಿದುದು ಬರಿಗಣ್ಣಿಗೇ ಕಂಡಿತು. ಆ ಸ್ಫೋಟದ ಅವಶೇಷದಲ್ಲಿ ಸೂರ್ಯನ ಅರ್ಧದಷ್ಟು ತೂಗುವ ಧೂಳು ಇರುವುದನ್ನು ೨೦೧೧ರಲ್ಲಿಯೂ, ಅದು ಸಿಡಿದ ದ್ರವ್ಯದೊಳಗೇ ಹೊಸದಾಗಿ ಹುಟ್ಟಿದುದೆಂಬುದನ್ನು ೨೦೧೪ರಲ್ಲಿಯೂ ವಿಜ್ಞಾನಿಗಳು ತೋರಿಸಿಕೊಟ್ಟರು.

ಧೂಳು ಬೆಳಕನ್ನು ನುಂಗುತ್ತದೆ; ಆದರೆ ಶಕ್ತಿಗೆ ನಾಶವಿಲ್ಲ. ಇದನ್ನು ತರಗತಿಯಲ್ಲಿ ಸುಲಭವಾಗಿ ತೋರಿಸಬಹುದು. ಉರಿಯುವ ಹಣತೆಯೊಂದರ ಸುತ್ತ ನಾಲ್ಕು ಸಣ್ಣ ಕಲ್ಲುಗಳನ್ನಿಟ್ಟು, ಗಾಳಿಯಾಡುವಂತೆ ಅವುಗಳ ಮೇಲೆ ಮಣ್ಣಿನ ಮಡಕೆಯನ್ನು ಬೋರಲು ಹಾಕಿರಿ. ಜ್ವಾಲೆ ಮಡಕೆಯ ಮರೆಗೆ ಸೇರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮಡಕೆಯ ಬಳಿ ಕೈ ಹಿಡಿದರೆ ಬಿಸಿ ತಾಗುತ್ತದೆ. ದೀಪ ಕಾಣದಿದ್ದರೂ ದೀಪವಿದೆಯೆಂದು ಕೈ ಹೇಳುತ್ತದೆ. ಧೂಳಿನ ಕಣಗಳೂ ಹೀಗೆಯೇ. ನಕ್ಷತ್ರಗಳ ನೀಲಿಯ ಬೆಳಕನ್ನೂ ಅತಿನೇರಳೆ ಕಿರಣಗಳನ್ನೂ ಹೀರಿ, ಅತ್ಯಲ್ಪವಾಗಿ ಬೆಚ್ಚಗಾಗಿ, ಆ ಶಕ್ತಿಯನ್ನು ಅವಕೆಂಪು ಕಿರಣಗಳ ರೂಪದಲ್ಲಿ ಹೊರಬಿಡುತ್ತವೆ. ‘ಬೆಚ್ಚಗೆ’ ಎಂಬ ಮಾತನ್ನು ಎಚ್ಚರದಿಂದ ತಿಳಿಯಬೇಕು: ಸೊನ್ನೆಗಿಂತ ಇನ್ನೂರು ಡಿಗ್ರಿಗೂ ಕೆಳಗಿನ ಶೈತ್ಯವದು, ಸುತ್ತಣ ಶೂನ್ಯಾಕಾಶಕ್ಕೆ ಹೋಲಿಸಿದರೆ ಮಾತ್ರ ಬೆಚ್ಚಗೆ.

ಕೆಂಪು ಬಣ್ಣದಾಚೆ ಕಣ್ಣಿಗೆ ಕಾಣದ ಈ ಕಿರಣಗಳನ್ನು ೧೮೦೦ರಲ್ಲಿ ಮೊದಲು ಕಂಡುಹಿಡಿದವನು ಮತ್ತಾರೂ ಅಲ್ಲ, ಅದೇ ವಿಲಿಯಂ ಹರ್ಷೆಲನು. ಸೂರ್ಯನ ಬೆಳಕನ್ನು ಪಟ್ಟಕದಿಂದ ಬಣ್ಣಬಣ್ಣವಾಗಿ ಬಿಡಿಸಿ, ಕೆಂಪಿನ ಆಚೆಗೆ ಉಷ್ಣಮಾಪಕವನ್ನಿಟ್ಟಾಗ ಪಾದರಸ ಏರಿತು. ರಂಧ್ರವೆಂದುಕೊಂಡ ಕಪ್ಪಿನೊಳಗೆ ಹೊಗುವ ಕೀಲಿಕೈ ಅವನ ಕೈಯಲ್ಲಿಯೇ ಇತ್ತು. ಆ ಕೀಲಿಯಿಂದ ಆ ಬೀಗವನ್ನು ತೆರೆಯಲು ಲೋಕ ಇನ್ನೂ ಎರಡು ಶತಮಾನ ಕಾಯಬೇಕಾಯಿತು. ಅದಕ್ಕೆ ಕಾರಣವುಂಟು. ನಮ್ಮ ವಾಯುಮಂಡಲದ ನೀರಾವಿ ಈ ಕಿರಣಗಳಲ್ಲಿ ಬಹುಪಾಲನ್ನು ತಡೆದುಬಿಡುತ್ತದೆ. ಜೊತೆಗೆ ನಮ್ಮ ಭೂಮಿ, ಗಾಳಿ, ಸ್ವತಃ ದೂರದರ್ಶಕ ಎಲ್ಲವೂ ಅವಕೆಂಪಿನಲ್ಲಿ ಹೊಳೆಯುವ ವಸ್ತುಗಳೇ. ಹಗಲಿನಲ್ಲಿ ನಕ್ಷತ್ರವನ್ನು ಹುಡುಕಿದಂತಹ ಕಷ್ಟವದು.

೪

೧೯೮೩ರ ಜನವರಿಯಲ್ಲಿ ಅಮೆರಿಕ, ನೆದರ್ಲೆಂಡ್ಸ್ ಮತ್ತು ಬ್ರಿಟನ್ ದೇಶಗಳು ಕೂಡಿ ‘ಐರಾಸ್’ ಎಂಬ ಉಪಗ್ರಹವನ್ನು ಹಾರಿಸಿದುವು. ಅದರ ಕನ್ನಡಿ ೫೭ ಸೆಂಟಿಮೀಟರಿನದು ಮಾತ್ರ. ದ್ರವ ಹೀಲಿಯಮ್ಮಿನಿಂದ ಅದನ್ನು ತಣ್ಣಗಿರಿಸಿದ್ದರು. ಹೀಲಿಯಂ ಮುಗಿಯುವವರೆಗೆ, ಸುಮಾರು ಹತ್ತು ತಿಂಗಳು, ಅದು ಆಕಾಶವನ್ನು ಅವಕೆಂಪಿನಲ್ಲಿ ನೋಡಿತು. ಅದಕ್ಕೆ ಕಂಡ ಗೆಲಾಕ್ಸಿಗಳಲ್ಲಿ ಕೆಲವು ವಿಸ್ಮಯಕರವಾದವು. ಸುಮಾರು ೨೫ ಕೋಟಿ ಜ್ಯೋತಿರ್ವರ್ಷಗಳ ದೂರದ ‘ಆರ್ಪ್ ೨೨೦’ ಕಣ್ಣಿನ ಬೆಳಕಿನಲ್ಲಿ ಸಾಧಾರಣವಾಗಿ ತೋರುವ ಗೆಲಾಕ್ಸಿ. ಅವಕೆಂಪಿನಲ್ಲಿಯಾದರೋ ಅದರ ತೇಜಸ್ಸು ಲಕ್ಷ ಕೋಟಿ ಸೂರ್ಯರನ್ನು ಮೀರಿಸುತ್ತದೆ. ಎರಡು ಗೆಲಾಕ್ಸಿಗಳು ಡಿಕ್ಕಿ ಹೊಡೆದು ಬೆರೆತು, ಅನಿಲವೆಲ್ಲ ನಡುವಿಗೆ ಕುಸಿದು, ಅಲ್ಲಿ ನಕ್ಷತ್ರಗಳು ಭರದಿಂದ ಹುಟ್ಟುತ್ತಿದ್ದುದೇ ಇದಕ್ಕೆ ಕಾರಣ.

ಇಂತಹವು ನಮ್ಮ ಆಸುಪಾಸಿನಲ್ಲಿ ಅಪರೂಪ. ಆದುದರಿಂದ ವಿಶ್ವದ ಒಟ್ಟು ಲೆಕ್ಕದಲ್ಲಿ ಅವು ಗಣನೆಗೆ ಬಾರದವೆಂದು ತಿಳಿಯಬಹುದಾಗಿತ್ತು. ಈ ಭಾವನೆಯನ್ನು ತೊಡೆದುದು ೧೯೮೯ರಲ್ಲಿ ಹಾರಿದ ‘ಕೋಬೆ’ ಉಪಗ್ರಹ. ಅದು ಕಳುಹಿಸಿದ ಅಂಕಿಗಳನ್ನು ೧೯೯೬ರಿಂದ ೧೯೯೮ರವರೆಗೆ ಶೋಧಿಸಿದಾಗ, ಆಕಾಶದ ಎಲ್ಲ ದಿಕ್ಕುಗಳಿಂದಲೂ ಮಂದವಾದ ಅವಕೆಂಪು ಬೆಳಕೊಂದು ಬರುತ್ತಿರುವುದು ತಿಳಿಯಿತು. ವಿಶ್ವದ ಗೆಲಾಕ್ಸಿಗಳೆಲ್ಲ ಈವರೆಗೆ ಹೊರಸೂಸಿದ ನಕ್ಷತ್ರಕಾಂತಿಯಲ್ಲಿ ಸರಿಸುಮಾರು ಅರ್ಧವು ಧೂಳಿನಲ್ಲಿ ಹೀರಲ್ಪಟ್ಟು ಈ ರೂಪದಲ್ಲಿ ನಮ್ಮನ್ನು ಮುಟ್ಟುತ್ತಿದೆ! ಜಮಾಖರ್ಚಿನ ಪುಸ್ತಕದಲ್ಲಿ ಅರ್ಧ ವರಮಾನ ಯಾರಿಂದ ಬಂದಿತೆಂದು ಬರೆದಿರದಿದ್ದರೆ ಕರಣಿಕನ ಗತಿ ಏನು? ಖಗೋಳಶಾಸ್ತ್ರಜ್ಞರ ಸ್ಥಿತಿಯೂ ಅದೇ ಆಯಿತು. ಹಣ ಬಂದಿದೆ, ಕೊಟ್ಟವರ ಹೆಸರಿಲ್ಲ.

೫

ಕೊಟ್ಟವರನ್ನು ಹುಡುಕಲು ಪ್ರಕೃತಿಯೇ ಒಂದು ಅನುಕೂಲವನ್ನು ಒದಗಿಸಿತ್ತು. ವಿಶ್ವ ಹಿಗ್ಗುತ್ತಿರುವುದರಿಂದ, ಅದರ ಮೂಲಕ ಹಾದುಬರುವ ಬೆಳಕಿನ ಅಲೆಗಳೂ ಹಿಗ್ಗುತ್ತವೆ. ಹೆಚ್ಚು ದೂರದಿಂದ ಬಂದ ಬೆಳಕು ಹೆಚ್ಚು ಹಿಗ್ಗಿ ಕೆಂಪಿನ ಕಡೆಗೆ ಸರಿದಿರುತ್ತದೆ. ಇದಕ್ಕೆ ಕೆಂಪುಪಲ್ಲಟವೆಂದು ಹೆಸರು. ಗೆಲಾಕ್ಸಿಯ ಬೆಳಕನ್ನು ಬಿಡಿಸಿ ಅದರ ರೋಹಿತದಲ್ಲಿ ಪರಿಚಿತವಾದ ರೇಖೆಗಳು ಎಷ್ಟು ಸರಿದಿವೆಯೆಂದು ಅಳೆದರೆ, ಆ ಬೆಳಕು ಯಾವ ಕಾಲದ್ದೆಂಬುದು ತಿಳಿಯುತ್ತದೆ. ಶಾಸನಕ್ಕೆ ತಿಥಿ ಸಿಕ್ಕಂತೆ.

ಧೂಳಿನ ಕಿರಣಗಳು ಹೆಚ್ಚಾಗಿ ೧೦೦ ಮೈಕ್ರಾನುಗಳ ಆಸುಪಾಸಿನ ಅಲೆಯುದ್ದದಲ್ಲಿ ಹೊರಡುತ್ತವೆ. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ದೂರದ ಗೆಲಾಕ್ಸಿಗಳಿಂದ ಬರುವಾಗ ಅವು ಹಿಗ್ಗಿ ಮಿಲಿಮೀಟರಿನ ಸಮೀಪಕ್ಕೆ ಬಂದು ತಲುಪುತ್ತವೆ. ಸಾಮಾನ್ಯವಾಗಿ ದೂರ ಹೆಚ್ಚಿದಷ್ಟೂ ದೀಪ ಮಂಕಾಗಬೇಕು. ಆದರೆ ೮೫೦ ಮೈಕ್ರಾನಿನ ಕಿಟಕಿಯಿಂದ ನೋಡುವವನಿಗೆ, ಗೆಲಾಕ್ಸಿ ದೂರ ಸರಿದಷ್ಟೂ ಅದರ ಕಾಂತಿಯ ಉಚ್ಚಭಾಗವೇ ಕಿಟಕಿಯ ಕಡೆಗೆ ಸರಿದುಬರುತ್ತದೆ. ಒಂದು ಕೈ ಕಸಿದುದನ್ನು ಇನ್ನೊಂದು ಕೈ ತುಂಬಿಕೊಡುತ್ತದೆ. ಹೀಗಾಗಿ ವಿಶ್ವದ ಅರ್ಧ ವಯಸ್ಸಿನ ಕಾಲದ ಗೆಲಾಕ್ಸಿಯೂ, ಹತ್ತರಲ್ಲಿ ಒಂದು ವಯಸ್ಸಿನ ಕಾಲದ ಗೆಲಾಕ್ಸಿಯೂ ಆ ಕಿಟಕಿಯಲ್ಲಿ ಹೆಚ್ಚುಕಡಿಮೆ ಸಮನಾಗಿ ಹೊಳೆಯುತ್ತವೆ.

ಈ ಕಿಟಕಿಯನ್ನು ತೆರೆದುದು ಹವಾಯಿ ದ್ವೀಪದ ಮೌನಾ ಕೀ ಶಿಖರದ ಮೇಲಿನ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ದೂರದರ್ಶಕ. ಸುಮಾರು ೪೧೦೦ ಮೀಟರ್ ಎತ್ತರದ ಒಣಹವೆಯಲ್ಲಿರುವ ಈ ದೂರದರ್ಶಕದ ತಟ್ಟೆ ೧೫ ಮೀಟರ್ ಅಗಲದ್ದು. ಎಡಿನ್‌ಬರೋದಲ್ಲಿ ನಿರ್ಮಿಸಿದ ‘ಸ್ಕ್ಯೂಬಾ’ ಎಂಬ ಕ್ಯಾಮರಾವನ್ನು ಅದಕ್ಕೆ ಜೋಡಿಸಿದರು. ೧೯೯೭ರಲ್ಲಿ ಇಯನ್ ಸ್ಮೇಲ್, ರಾಬ್ ಐವಿಸನ್, ಆಂಡ್ರೂ ಬ್ಲೇನ್ ಎಂಬ ಮೂವರು, ಗೆಲಾಕ್ಸಿಗಳ ಗುಂಪುಗಳ ಗುರುತ್ವವನ್ನೇ ಭೂತಗನ್ನಡಿಯನ್ನಾಗಿ ಬಳಸಿ, ಅವುಗಳ ಹಿಂದೆ ಅಡಗಿದ ಧೂಳಿನ ಗೆಲಾಕ್ಸಿಗಳನ್ನು ಕಂಡರು. ಮರುವರ್ಷ ಡೇವಿಡ್ ಹ್ಯೂಸ್ ಮತ್ತು ಸಂಗಡಿಗರು ಇನ್ನೊಂದು ಪರೀಕ್ಷೆಯನ್ನು ಮಾಡಿದರು. ಹಬಲ್ ದೂರದರ್ಶಕವು ೧೯೯೫ರ ಡಿಸೆಂಬರಿನಲ್ಲಿ ಹತ್ತು ದಿನ ಆಕಾಶದ ಒಂದೇ ಚೂರನ್ನು ದಿಟ್ಟಿಸಿ ಸುಮಾರು ೩೦೦೦ ಗೆಲಾಕ್ಸಿಗಳನ್ನು ಚಿತ್ರಿಸಿತ್ತು. ಅಂದಿನವರೆಗೆ ಮಾನವನು ತೆಗೆದ ಅತ್ಯಂತ ಆಳವಾದ ಆಕಾಶಚಿತ್ರವದು. ಅದೇ ಚೂರನ್ನು ಸ್ಕ್ಯೂಬಾದಿಂದ ನೋಡಿದಾಗ ಐದು ಪ್ರಬಲವಾದ ಬಿಂದುಗಳು ಮೂಡಿದುವು. ಅವುಗಳಲ್ಲಿ ಎಲ್ಲಕ್ಕಿಂತ ಉಜ್ವಲವಾದುದು ಹಬಲನ ಚಿತ್ರದ ಯಾವ ಗೆಲಾಕ್ಸಿ?

ಆ ಬಿಂದುವಿಗೆ ‘ಎಚ್.ಡಿ.ಎಫ್. ೮೫೦.೧’ ಎಂದು ಹೆಸರಿಟ್ಟರು. ಅದರ ಗುರುತನ್ನು ಹಿಡಿಯುವುದು ಸುಲಭವಾಗಲಿಲ್ಲ. ಸ್ಕ್ಯೂಬಾದ ನೋಟ ಮಬ್ಬಾದುದು. ಅದರ ಒಂದು ಚುಕ್ಕೆಯೊಳಗೆ ಹಬಲನ ಹಲವು ಗೆಲಾಕ್ಸಿಗಳು ಅಡಕವಾಗುತ್ತಿದ್ದುವು. ದೂರವನ್ನು ತಿಳಿಯಲು ರೋಹಿತ ಬೇಕು. ರೋಹಿತಕ್ಕೆ ಬೆಳಕು ಬೇಕು. ಬೆಳಕನ್ನೋ ಧೂಳು ನುಂಗಿದೆ. ಹದಿನಾಲ್ಕು ವರ್ಷಗಳ ಹುಡುಕಾಟದ ಬಳಿಕ ೨೦೧೨ರಲ್ಲಿ ಫೇಬಿಯನ್ ವಾಲ್ಟರ್ ಮತ್ತು ಸಂಗಡಿಗರು, ಧೂಳಿನ ಮೂಲಕ ತೂರಿಬರಬಲ್ಲ ಇಂಗಾಲದ ಮತ್ತು ಇಂಗಾಲದ ಮಾನಾಕ್ಸೈಡಿನ ರೇಖೆಗಳನ್ನು ಮಿಲಿಮೀಟರ್ ಅಲೆಗಳಲ್ಲಿ ಹಿಡಿದು ಅದರ ಕಾಲವನ್ನು ನಿರ್ಣಯಿಸಿದರು. ವಿಶ್ವ ಹುಟ್ಟಿ ಸುಮಾರು ೧೧೦ ಕೋಟಿ ವರ್ಷಗಳಾದಾಗಿನ ಗೆಲಾಕ್ಸಿಯದು. ನಮ್ಮ ಆಕಾಶಗಂಗೆಯಲ್ಲಿ ವರ್ಷವೊಂದಕ್ಕೆ ಒಂದೆರಡು ಸೂರ್ಯರಷ್ಟು ದ್ರವ್ಯ ನಕ್ಷತ್ರಗಳಾಗಿ ಮಾರ್ಪಡುತ್ತದೆ. ಅಲ್ಲಿ ವರ್ಷಕ್ಕೆ ಸುಮಾರು ೮೫೦ ಸೂರ್ಯರಷ್ಟು! ಅಷ್ಟೊಂದು ಸಡಗರದ ಮನೆ ಹಬಲನ ಕಣ್ಣಿಗೆ ಕಂಡೇ ಇರಲಿಲ್ಲ.

ಈ ನಡುವೆ ಉಳಿದವುಗಳ ತಿಥಿಯನ್ನೂ ಒಂದೊಂದಾಗಿ ಗುರುತಿಸುವ ಕೆಲಸ ಸಾಗಿತ್ತು. ಸ್ಕಾಟ್ ಚ್ಯಾಪ್‌ಮನ್ ಮತ್ತು ಸಂಗಡಿಗರು ರೇಡಿಯೋ ದೂರದರ್ಶಕಗಳಿಂದ ಇಂತಹ ಗೆಲಾಕ್ಸಿಗಳ ಸ್ಥಾನವನ್ನು ನಿಖರವಾಗಿ ಕಂಡುಕೊಂಡು, ಹವಾಯಿಯ ಕೆಕ್ ದೂರದರ್ಶಕದ ೧೦ ಮೀಟರ್ ಕನ್ನಡಿಯಿಂದ ಅವುಗಳ ಅಳಿದುಳಿದ ಮಂಕು ಬೆಳಕಿನ ರೋಹಿತವನ್ನು ತೆಗೆದರು. ೨೦೦೫ರ ಹೊತ್ತಿಗೆ ೭೩ ಗೆಲಾಕ್ಸಿಗಳ ಪಟ್ಟಿ ಸಿದ್ಧವಾಯಿತು. ಅವುಗಳಲ್ಲಿ ಬಹುಪಾಲಿನ ಬೆಳಕು ಸಾವಿರ ಕೋಟಿ ವರ್ಷಗಳಿಗೂ ಹಿಂದೆ ಹೊರಟದ್ದಾಗಿತ್ತು. ೨೦೦೯ರಲ್ಲಿ ೩.೫ ಮೀಟರಿನ ಕನ್ನಡಿಯುಳ್ಳ ಅವಕೆಂಪು ದೂರದರ್ಶಕವೊಂದು ಆಕಾಶಕ್ಕೇರಿತು. ಅದಕ್ಕೆ ಹರ್ಷೆಲನ ಹೆಸರನ್ನೇ ಇಟ್ಟದ್ದು ಉಚಿತವಾಗಿತ್ತು. ೨೦೧೩ರಲ್ಲಿ ಅದರ ನೆರವಿನಿಂದ ವಿಶ್ವದ ೮೮ ಕೋಟಿ ವರ್ಷಗಳ ವಯಸ್ಸಿನಲ್ಲಿಯೇ ಇಂತಹ ಧೂಳಿನ ದೈತ್ಯನಿದ್ದುದು ತಿಳಿಯಿತು.

೬

ಆದರೂ ಒಂದು ಪ್ರಶ್ನೆ ಉಳಿಯಿತು. ಸ್ಕ್ಯೂಬಾ, ಹರ್ಷೆಲ್‌ಗಳು ಕಂಡವು ದೈತ್ಯರಲ್ಲಿ ದೈತ್ಯರು. ಅವರಷ್ಟು ಅಬ್ಬರವಿಲ್ಲದ, ಆದರೆ ಗಾತ್ರದಲ್ಲಿ ದೊಡ್ಡವೇ ಆದ ಧೂಳಿನ ಗೆಲಾಕ್ಸಿಗಳ ಪಾಡೇನು? ಇಂದಿನ ಗೆಲಾಕ್ಸಿಗಳ ಗುಂಪುಗಳ ನಡುವೆ ಮುದಿ ನಕ್ಷತ್ರಗಳಿಂದ ತುಂಬಿದ ಮಹಾಗೆಲಾಕ್ಸಿಗಳು ಕುಳಿತಿವೆ. ಮುದುಕರಿದ್ದರೆ ಒಂದು ಕಾಲಕ್ಕೆ ಅವರು ತರುಣರಾಗಿದ್ದಿರಲೇಬೇಕಷ್ಟೆ. ಆ ತಾರುಣ್ಯದ ಕಾಲವನ್ನು ಹಬಲನಿಂದ ನೋಡಿದರೆ, ಅವರ ಪೂರ್ವಜರು ಬೇಕಾದಷ್ಟು ಸಂಖ್ಯೆಯಲ್ಲಿ ದೊರೆಯಲಿಲ್ಲ.

ಉತ್ತರ ದಕ್ಷಿಣ ಅಮೆರಿಕದಿಂದ ಬಂದಿತು. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ, ಸಮುದ್ರಮಟ್ಟಕ್ಕಿಂತ ೫೦೦೦ ಮೀಟರ್ ಎತ್ತರದ ಬಯಲಿನಲ್ಲಿ, ೬೬ ತಟ್ಟೆಗಳ ‘ಆಲ್ಮಾ’ ದೂರದರ್ಶಕ ೨೦೧೩ರಲ್ಲಿ ಉದ್ಘಾಟನೆಗೊಂಡಿತು. ತಟ್ಟೆಗಳನ್ನು ಹಲವು ಕಿಲೋಮೀಟರು ಹರಡಿ ನಿಲ್ಲಿಸಿ, ಅವುಗಳ ಸಂಕೇತಗಳನ್ನು ಕೂಡಿಸಿದರೆ, ಅಷ್ಟೂ ಅಗಲದ ಒಂದೇ ದೂರದರ್ಶಕದ ಸೂಕ್ಷ್ಮದೃಷ್ಟಿ ಲಭಿಸುತ್ತದೆ. ಟೋಕಿಯೋದಲ್ಲಿ ಕೆಲಸ ಮಾಡುತ್ತಿದ್ದ ವಾಂಗ್ ತಾವೊ ಮತ್ತು ಸಂಗಡಿಗರು ಒಂದು ಸರಳವಾದ ಉಪಾಯವನ್ನು ಹಿಡಿದರು. ‘ಸ್ಪಿಟ್ಜರ್’ ಎಂಬ ಅವಕೆಂಪು ದೂರದರ್ಶಕಕ್ಕೆ ಕಂಡು ಹಬಲನಿಗೆ ಕಾಣದ ೬೩ ಬಿಂದುಗಳನ್ನು ಆರಿಸಿ ಆಲ್ಮಾದಿಂದ ನೋಡಿದರು. ೩೯ ಬಿಂದುಗಳಲ್ಲಿ ಧೂಳಿನ ಹೊಳಪು ದೊರೆಯಿತು. ವಿಶ್ವದ ಮೊದಲ ೨೦೦ ಕೋಟಿ ವರ್ಷಗಳ ಗೆಲಾಕ್ಸಿಗಳು ಅವು. ೨೦೧೯ರ ಆಗಸ್ಟಿನಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಅತ್ಯುಗ್ರರಾದ ಆ ದೈತ್ಯರಿಗಿಂತ ಇವು ಸಂಖ್ಯೆಯಲ್ಲಿ ನೂರು ಮಡಿ ಹೆಚ್ಚು. ಅಷ್ಟೇ ತೂಕದ, ಕಣ್ಣಿಗೆ ಕಾಣುವ ಗೆಲಾಕ್ಸಿಗಳು ಆ ಕಾಲದಲ್ಲಿ ಹೆತ್ತ ನಕ್ಷತ್ರಗಳಿಗಿಂತ ಇವು ಹೆತ್ತ ನಕ್ಷತ್ರಗಳು ಹತ್ತು ಮಡಿ ಹೆಚ್ಚು. ಕಳೆದುಹೋದ ಪೂರ್ವಜರು ಸಿಕ್ಕಿದರು. ಅವರು ಎಲ್ಲಿಗೂ ಹೋಗಿರಲಿಲ್ಲ, ತಮ್ಮ ಧೂಳಿನೊಳಗೆ ಕುಳಿತಿದ್ದರು.

೨೦೨೧ರಲ್ಲಿ ಇನ್ನೊಂದು ಸೋಜಿಗ ನಡೆಯಿತು. ಫುಡಮೊಟೊ ಯೋಶಿನೊಬು ಮತ್ತು ಸಂಗಡಿಗರು ಆಲ್ಮಾದಿಂದ ಬೇರೆ ಗೆಲಾಕ್ಸಿಗಳನ್ನು ಪರೀಕ್ಷಿಸುತ್ತಿದ್ದರು. ಅವುಗಳಲ್ಲಿ ಎರಡರ ಪಕ್ಕದಲ್ಲಿ, ಹಬಲನ ಚಿತ್ರದಲ್ಲಿ ಏನೂ ಇಲ್ಲದ ಜಾಗದಿಂದ, ಧೂಳಿನ ಕಾಂತಿಯೂ ಇಂಗಾಲದ ರೇಖೆಯೂ ಬಂದುವು. ವಿಶ್ವದ ವಯಸ್ಸು ಇನ್ನೂ ೭೦-೮೦ ಕೋಟಿ ವರ್ಷಗಳಿದ್ದಾಗಿನ ಗೆಲಾಕ್ಸಿಗಳವು. ಇವು ದೈತ್ಯರೂ ಅಲ್ಲ. ಆ ಕಾಲದ ಸಾಧಾರಣ ಪ್ರಜೆಗಳು. ಅಂತಹ ಮುಂಜಾವಿನಲ್ಲಿಯೂ ನಕ್ಷತ್ರಜನನದ ನೂರಕ್ಕೆ ೧೦ರಿಂದ ೨೫ ಪಾಲು ಧೂಳಿನ ಮರೆಯಲ್ಲಿ ನಡೆದಿರಬಹುದೆಂದು ಅವರು ಅಂದಾಜು ಮಾಡಿದರು. ಅಷ್ಟು ಬೇಗ ಅಷ್ಟು ಧೂಳು ಕೂಡಿದುದು ಹೇಗೆ? ಸಣ್ಣ ನಕ್ಷತ್ರಗಳಿಗೆ ಮುಪ್ಪು ಬರಲು ಇನ್ನೂ ಕಾಲವಾಗಿರಲಿಲ್ಲ. ಅಲ್ಪಾಯುಷಿಗಳಾದ ಮಹಾನಕ್ಷತ್ರಗಳ ಸ್ಫೋಟವೇ ಮುಖ್ಯ ಮೂಲವಾಗಿರಬೇಕೆಂದು ಹಲವರ ಮತ. ಹುಟ್ಟಿದ ಕಣಗಳು ಅನಿಲಮೇಘಗಳೊಳಗೆ ಬೆಳೆದು ದೊಡ್ಡವಾಗುತ್ತವೆಯೆಂಬುದೂ ಒಂದು ವಾದ. ಈ ಚರ್ಚೆ ಇನ್ನೂ ಮುಗಿದಿಲ್ಲ.

೭

೨೦೨೧ರ ಡಿಸೆಂಬರ್ ೨೫ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕ, ತನ್ನ ೬.೫ ಮೀಟರ್ ಕನ್ನಡಿಯಿಂದ ಅವಕೆಂಪಿನಲ್ಲಿ ನೋಡುತ್ತದೆ. ಹಬಲನಿಗೆ ಕಾಣದಿದ್ದ ಅನೇಕ ಧೂಳಿನ ಗೆಲಾಕ್ಸಿಗಳ ನಕ್ಷತ್ರಗಳೇ ಈಗ ಚಿತ್ರದಲ್ಲಿ ಮೂಡುತ್ತಿವೆ. ೨೦೨೪ರ ನವೆಂಬರಿನಲ್ಲಿ ಜಿನೀವಾದ ಶಿಯಾವೊ ಮೆಂಗ್‌ಯುವಾನ್ ಮತ್ತು ಸಂಗಡಿಗರು ಇಂತಹ ೩೬ ಭಾರೀ ಗೆಲಾಕ್ಸಿಗಳ ಅಧ್ಯಯನವನ್ನು ಪ್ರಕಟಿಸಿದರು. ಅವುಗಳಲ್ಲಿ ಮೂರು, ವಿಶ್ವದ ಮೊದಲ ೧೦೦ ಕೋಟಿ ವರ್ಷಗಳ ಆಸುಪಾಸಿಗೇ ಹತ್ತು ಸಾವಿರ ಕೋಟಿ ಸೂರ್ಯರಿಗೂ ಮಿಗಿಲಾದ ನಕ್ಷತ್ರರಾಶಿಯನ್ನು ಗಳಿಸಿದ್ದುವು. ಸಾಧಾರಣವಾಗಿ ಗೆಲಾಕ್ಸಿಯೊಂದು ತನಗೆ ದೊರೆತ ಅನಿಲದಲ್ಲಿ ಐದರಲ್ಲಿ ಒಂದು ಪಾಲನ್ನು ನಕ್ಷತ್ರವಾಗಿಸಿದರೆ ಹೆಚ್ಚು. ಇವು ಅರ್ಧದಷ್ಟನ್ನು ಮಾರ್ಪಡಿಸಿದ್ದುವು. ಇದು ಹೇಗಾಯಿತೆಂಬುದನ್ನು ವಿವರಿಸುವ ಭಾರ ಈಗ ಸಿದ್ಧಾಂತಿಗಳ ಮೇಲಿದೆ.

ಇದೇ ವೆಬ್ ದೂರದರ್ಶಕದ ಚರಿತ್ರೆಯಲ್ಲಿ ಎಚ್ಚರಿಕೆಯ ಕಥೆಯೂ ಒಂದುಂಟು. ೨೦೨೨ರಲ್ಲಿ ಅದರ ಮೊದಲ ಚಿತ್ರಗಳಲ್ಲಿ ಅತಿ ಕೆಂಪಾದ ಗೆಲಾಕ್ಸಿಯೊಂದು ಕಂಡಿತು. ಬಣ್ಣವನ್ನು ಮಾತ್ರ ನೋಡಿ ಲೆಕ್ಕ ಹಾಕಿದಾಗ, ಅದು ವಿಶ್ವ ಹುಟ್ಟಿದ ೨೫ ಕೋಟಿ ವರ್ಷಗಳೊಳಗಿನದೆಂದು ತೋರಿತು. ಆದರೆ ದೂರವೂ ಕೆಂಪನ್ನು ತರುತ್ತದೆ. ಧೂಳೂ ಕೆಂಪನ್ನು ತರುತ್ತದೆ. ಸಂಜೆಯ ಸೂರ್ಯ ಕೆಂಪಾದುದು ಅವನು ದೂರ ಹೋದುದರಿಂದಲ್ಲವಷ್ಟೆ. ಇದು ಧೂಳಿನ ವೇಷವಾಗಿರಬಹುದೆಂದು ಕೆಲವರು ಅಂದೇ ಎಚ್ಚರಿಸಿದ್ದರು. ೨೦೨೩ರಲ್ಲಿ ರೋಹಿತವನ್ನು ತೆಗೆದಾಗ, ಧೂಳಿನ ಕೆಂಪೂ ಪ್ರಬಲವಾದ ರೋಹಿತರೇಖೆಗಳೂ ಕೂಡಿ ಮೋಸಗೊಳಿಸಿದ್ದುವೆಂಬುದು ಹೊರಬಿದ್ದಿತು. ಆ ಗೆಲಾಕ್ಸಿಯ ಕಾಲ ವಿಶ್ವದ ಸುಮಾರು ೧೨೦ನೆಯ ಕೋಟಿ ವರ್ಷ. ೧೯೩೦ರಲ್ಲಿ ಟ್ರಂಪ್ಲರನು ಹೇಳಿದ ಮಾತು, ಅಂದರೆ ಧೂಳು ಹತ್ತಿರದ್ದನ್ನು ದೂರದ್ದೆಂದು ತೋರಿಸುತ್ತದೆಂಬುದು, ತೊಂಬತ್ತು ವರ್ಷಗಳ ಮೇಲೆ ಬೇರೊಂದು ರೂಪದಲ್ಲಿ ಮತ್ತೆ ನಿಜವಾಯಿತು.

ಈ ಇತಿಹಾಸವನ್ನು ಮಕ್ಕಳಿಗೆ ಹೇಳುವಾಗ ದೂರದರ್ಶಕಗಳ ಹೆಸರನ್ನೂ ಇಸವಿಗಳನ್ನೂ ಬಾಯಿಪಾಠ ಮಾಡಿಸುವುದರಿಂದ ಹೆಚ್ಚಿನ ಫಲವಿಲ್ಲ. ಅವರ ಮನಸ್ಸಿನಲ್ಲಿ ಉಳಿಯಬೇಕಾದುವು ಎರಡು ಪ್ರಶ್ನೆಗಳು. ಇಲ್ಲಿ ಏನೂ ಇಲ್ಲವೆಂದು ತೋರಿದಾಗ, ನಿಜವಾಗಿಯೂ ಏನೂ ಇಲ್ಲವೊ ಅಥವಾ ನೋಡುವ ಬಗೆಯಲ್ಲಿ ಕೊರತೆಯಿದೆಯೊ ಎಂಬುದು ಮೊದಲನೆಯದು. ಇಲ್ಲಿ ಅದ್ಭುತವಾದುದಿದೆಯೆಂದು ತೋರಿದಾಗ, ಅದಕ್ಕೆ ರೋಹಿತದಂತಹ ಗಟ್ಟಿಯಾದ ಸಾಕ್ಷ್ಯವಿದೆಯೊ ಇಲ್ಲವೊ ಎಂಬುದು ಎರಡನೆಯದು. ಮೊದಲ ಪ್ರಶ್ನೆಯನ್ನು ಕೇಳದಿದ್ದುದರಿಂದ ವಿಶ್ವದ ಅರ್ಧ ಬೆಳಕು ಬಹುಕಾಲ ಲೆಕ್ಕದ ಹೊರಗುಳಿಯಿತು. ಎರಡನೆಯದನ್ನು ಕೇಳಿದುದರಿಂದ ಇಲ್ಲದ ಪ್ರಾಚೀನತೆಯೊಂದು ಒಂದೇ ವರ್ಷದಲ್ಲಿ ತಿದ್ದಲ್ಪಟ್ಟಿತು. ಮುಂದಿನ ಬೇಸಗೆಯಲ್ಲಿ ಆಕಾಶಗಂಗೆಯ ಕರಿಯ ಸೀಳನ್ನು ಮಕ್ಕಳಿಗೆ ತೋರಿಸುವ ಉಪಾಧ್ಯಾಯರು, ಅಲ್ಲಿ ಏನಿದೆಯೆಂದು ತಾವೇ ಹೇಳಿಬಿಡುವ ಮೊದಲ ಅವರನ್ನೇ ಕೇಳಲಿ. ಬೋರಲು ಹಾಕಿದ ಮಡಕೆಯ ಬಳಿ ಕೈ ಹಿಡಿದು ನೋಡಿದ ಮಗು ಸರಿಯಾದ ಉತ್ತರವನ್ನು ಕೊಡುವುದು.